ಗ್ರೀನ್ ಕಾರ್ಡ್ ಇಲ್ದಿದ್ರೆ ಹೋಮ್ ಲೋನ್ ಇಲ್ವಾ? ಸತ್ಯಾಂಶ
"ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಇಲ್ದೋರಿಗೆ ಇನ್ಮೇಲೆ ಹೋಮ್ ಲೋನೇ ಕೊಡಲ್ಲ" ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ, ಅದ್ರಲ್ಲಿ ಸ್ವಲ್ಪ ಮಾತ್ರ ನಿಜ. 2025ರ ಮೇ 25ರಿಂದ ಅವ್ರಿಗೆ ನಿಂತಿರೋದು ಎಫ್‌ಎಚ್‌ಎ ಲೋನ್, ಅಂದ್ರೆ ಸರ್ಕಾರದ ಇನ್ಶೂರೆನ್ಸ್ ಇರೋ, ಬರೀ ಶೇ. 3.5 ಡೌನ್ ಪೇಮೆಂಟ್‌ಗೂ ಸಿಗ್ತಿದ್ದ ಲೋನ್. ಕೈಯಲ್ಲಿ ದುಡ್ಡು ಕಮ್ಮಿ ಇರೋರಿಗೆ ಇದು ಪೆಟ್ಟೇ, ಒಪ್ಕೋತೀನಿ.

ಆದ್ರೆ ಸರ್ಕಾರದ ಇನ್ಶೂರೆನ್ಸ್ ಇಲ್ದಿರೋ ಮಾಮೂಲಿ ಲೋನ್, ಅಂದ್ರೆ ಕನ್ವೆನ್ಷನಲ್ ಲೋನ್‌ಗೆ ದಾರಿ ಇನ್ನೂ ಇದೆ, ಬ್ಯಾಂಕ್ ಕೊಟ್ಟ ಹೋಮ್ ಲೋನ್ ಕೊಂಡ್ಕೊಳ್ಳೋ ಫ್ಯಾನಿ ಮೇ ಅನ್ನೋ ಸಂಸ್ಥೆಯ ನಿಯಮದಲ್ಲಿ ಕಾನೂನುಬದ್ಧವಾಗಿ ಅಲ್ಲಿರೋ ಎಚ್-1ಬಿ, ಎಲ್-1 ಕೆಲಸದ ವೀಸಾದವರಿಗೂ ಸಿಟಿಜನ್‌ಗಳಿಗಿರೋ ಷರತ್ತುಗಳೇ, ಬ್ಯಾಂಕ್‌ನೋರು ಸಾಮಾನ್ಯವಾಗಿ ವೀಸಾ ಪೇಪರ್, ಸೋಶಿಯಲ್ ಸೆಕ್ಯೂರಿಟಿ ನಂಬರ್, ಪೇ ಸ್ಲಿಪ್, ಕ್ರೆಡಿಟ್ ಹಿಸ್ಟರಿ ನೋಡ್ತಾರೆ, ವೀಸಾ ಬೇಗ ಮುಗಿಯೋದಿದ್ರೆ ರಿನ್ಯೂವಲ್ ಬಗ್ಗೆನೂ ಕೇಳಬಹುದು. ಕೆಲವು ಬ್ಯಾಂಕ್‌ಗಳು ತಮ್ದೇ ಬಿಗಿ ರೂಲ್ಸ್ ಇಟ್ಕೊಂಡಿರ್ತವೆ, ಒಂದು ಕಡೆ ಆಗಲ್ಲ ಅಂದ್ರೆ ಇನ್ನೊಂದು ಕಡೆ ವಿಚಾರಿಸಿ.