ಅಮ್ಮನಿಗೆ ಎರಡು ಹೆಸರಿತ್ತು

ನಮ್ಮ ಶಿರಸಿ ಕಡೆಯ ಹವ್ಯಕರ ಮನೆಗಳಲ್ಲಿ ಹೆತ್ತವಳಿಗೆ ಆಯಿ ಅನ್ನುತ್ತೇವೆ. ಅಪ್ಪನ ತಾಯಿಗೆ ಅಮ್ಮ. ನಾನು ಬರೆಯುತ್ತಿರುವುದು ಆ ಅಮ್ಮನ ಬಗ್ಗೆ. 1931ರಲ್ಲಿ ಹುಟ್ಟಿದವಳು, 2024ರ ಆಷಾಢದ ಮಳೆಯಲ್ಲಿ ಹೋದಳು.

ಅಹಮದಾಬಾದಿಗೆ ಬಂದು ನನಗೆ ಹತ್ತೊಂಬತ್ತು ವರ್ಷವಾಯಿತು. ಇಲ್ಲಿ ಗುಜರಾತಿ ಪೇಪರ್ ಬಿಡಿಸಿದರೆ ತೀರಿಕೊಂಡವರ ಚಿಕ್ಕ ಚಿಕ್ಕ ಫೋಟೋಗಳು ಸಾಲಾಗಿ ಕಾಣುತ್ತವೆ. ಕೆಳಗೆ 'ಬೇಸ್ಣು' ಅಂತ ಬರೆದಿರುತ್ತದೆ. ಅಂದರೆ ಕೂರುವುದು. ಇಂಥ ದಿನ, ಸಂಜೆ ನಾಲ್ಕರಿಂದ ಆರು, ಇಂಥ ಹಾಲ್. ಜನ ಬಿಳಿ ಬಟ್ಟೆಯಲ್ಲಿ ಬರುತ್ತಾರೆ. ಹಾರ ಹಾಕಿದ ಫೋಟೋ ಮುಂದೆ ಹೂವಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತು, ಮನೆಯವರಿಗೆ ಕೈ ಮುಗಿದು ಹೊರಡುತ್ತಾರೆ. 'ಲೌಕಿಕ ವ್ಯವಹಾರ ಬಂಧ್' ಅಂತಲೂ ಎಷ್ಟೋ ಕಡೆ ಹಾಕಿರುತ್ತಾರೆ. ಬೇರೆ ಕೊಡುವ ತೆಗೆದುಕೊಳ್ಳುವ ಪದ್ಧತಿ ಇಟ್ಟುಕೊಂಡಿಲ್ಲ ಎಂದರ್ಥ.

ಮೊದಮೊದಲು ನನಗೆ ಇದು ಸೇರುತ್ತಿರಲಿಲ್ಲ. ತೊಂಬತ್ತು ವರ್ಷ ಬದುಕಿದ ಜೀವಕ್ಕೆ ಎರಡು ತಾಸು ಸಾಕಾ? ಬಂದವರಿಗೆ ಆಸರಿ ಕೂಡ ಕೇಳುವುದಿಲ್ಲವಾ? ಅಮ್ಮನ ಮನೆಯಲ್ಲಿ ಬೆಳೆದವನಿಗೆ ಹಾಗನ್ನಿಸುವುದು ಸಹಜ. ಅಂಗಳಕ್ಕೆ ಯಾರು ಕಾಲಿಟ್ಟರೂ ಅವಳ ಮೊದಲ ಮಾತು, "ಆಸರಿಗೆ ಎಂತ ಅಡ್ಡಿಲ್ಲೆ?" ಮಜ್ಜಿಗೆಯೋ, ಬೆಲ್ಲ ನೀರೋ, ಚಹಾವೋ, ಏನಾದರೂ ಕುಡಿಯದೆ ಯಾರೂ ಆ ಜಗುಲಿಯಿಂದ ಇಳಿದದ್ದನ್ನು ನಾನು ನೋಡಿಲ್ಲ.

ಸುದ್ದಿ ಬಂದಾಗ ವಿಮಾನ, ಬಸ್ಸು ಹಿಡಿದು ಊರು ಮುಟ್ಟುವಷ್ಟರಲ್ಲಿ ಮೂರನೇ ದಿನ. ಮುಖ ಸಿಗಲಿಲ್ಲ. ಹೊರನಾಡಿನಲ್ಲಿರುವವರಿಗೆಲ್ಲ ಈ ಭಯ ಇದ್ದೇ ಇರುತ್ತದೆ, ಅಲ್ವಾ? ನನ್ನ ಪಾಲಿಗೆ ಅದು ನಿಜವಾಯಿತು.

ಆದರೆ ನಮ್ಮ ಹದಿಮೂರು ದಿನದ ಪದ್ಧತಿ ನನ್ನನ್ನು ಕಾಪಾಡಿತು. ತಡವಾಗಿ ಬಂದವನಿಗೂ ಅದರಲ್ಲಿ ಜಾಗ ಇತ್ತು. ಹೊರಗೆ ಬಿಡದ ಮಳೆ, ತೋಟಕ್ಕೆ ಹೋಗುವ ಹಾಗಿಲ್ಲ. ಸೂತಕ ಅಂತ ದೇವರ ದೀಪವೂ ಇಲ್ಲ. ರಾತ್ರಿ ಊಟವಾದ ಮೇಲೆ ಎಲ್ಲರೂ ಒಲೆಯ ಸುತ್ತ ಕೂರುತ್ತಿದ್ದೆವು. ಮಾತು ಎಲ್ಲಿಂದ ಶುರುವಾದರೂ ಅಮ್ಮನಲ್ಲಿಗೇ ಬರುತ್ತಿತ್ತು.

ಅಡಿಕೆ ಬೇಯಿಸುವಾಗ ಹಂಡೆಗೆ ಬಗ್ಗಿ ಚೊಗರಿನ ಬಣ್ಣ ನೋಡಿಯೇ ಸಾಕು ಅನ್ನುತ್ತಿದ್ದಳಂತೆ. ಅಜ್ಜ ಅದನ್ನು ಮೀರಿ ಒಮ್ಮೆಯೂ ಬೆಂಕಿ ಹಾಕಿಸಲಿಲ್ಲವಂತೆ. ಸುಲಿಯುವ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂತರೆ ಬೆಳ್ಳಿ ಮೂಡುವ ಹೊತ್ತಿನವರೆಗೂ ಏಳುತ್ತಿರಲಿಲ್ಲ, ಮಡಿಲಲ್ಲಿ ಒಂದು ಮಗು ಮಲಗಿರುತ್ತಿತ್ತು. "ಆ ಮಗು ನಾನೇ" ಅಂದರು ದೊಡ್ಡಪ್ಪ. ಅವರಿಗೆ ಈಗ ಎಪ್ಪತ್ತೈದು. ಅಂದು ಬಿಟ್ಟು ಎದ್ದು ಹೊರಗೆ ಹೋದರು.

1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಕಡೆ ಜನ ಮರ ಅಪ್ಪಿಕೊಂಡು ನಿಂತರಲ್ಲ, ಅಪ್ಪಿಕೋ ಚಳವಳಿ, ಆಗ ಅಮ್ಮ ಹೋಗಿರಲಿಲ್ಲ. ಬಾಣಂತಿ ಸೊಸೆಯನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಆದರೆ ಹೊರಟವರಿಗೆ ಅವಲಕ್ಕಿ, ಬೆಲ್ಲ ಕಟ್ಟಿ ಕಳಿಸಿದ್ದಳು ಅಂತ ಸಣ್ಣತ್ತೆ ಹೇಳಿದಳು. "ಬೆಟ್ಟದ ಸೊಪ್ಪಿಲ್ಲದೆ ತೋಟ ಎಲ್ಲಿ ಬಾಳತ್ತು?" ಅಂದಿದ್ದಳಂತೆ. ಐವತ್ತೊಂದನೇ ವಯಸ್ಸಿನವರೆಗೆ ನನಗೆ ಇದು ಗೊತ್ತೇ ಇರಲಿಲ್ಲ. ಎರಡು ತಾಸಿನ ಕೂರುವಿಕೆಯಲ್ಲಿ ಇಂಥ ಮಾತು ಹೊರಗೆ ಬರುವುದಿಲ್ಲ. ಅದಕ್ಕೆ ಕತ್ತಲೆ ಬೇಕು, ಮಳೆ ಬೇಕು, ಮಾಡಲು ಬೇರೆ ಕೆಲಸ ಇಲ್ಲದ ಹತ್ತು ಜನ ಬೇಕು.

ಒಂದು ಮಧ್ಯಾಹ್ನ ಅಜ್ಜನ ಟ್ರಂಕು ತೆಗೆದೆವು. ಅವಳ ಬಗ್ಗೆ ಏನಾದರೂ ಕಾಗದ ಸಿಗಬಹುದು ಅಂತ. 1923ರಲ್ಲಿ ಶುರುವಾದ ತೋಟಗಾರ್ಸ್ ಸೊಸೈಟಿಗೆ ಅಡಿಕೆ ಹಾಕಿದ ಹಳೆಯ ಪಟ್ಟಿಗಳಿದ್ದವು, ಕಂದಾಯದ ರಸೀದಿಗಳಿದ್ದವು. ನಮ್ಮ ಜಿಲ್ಲೆ 1956ರ ತನಕ ಮುಂಬೈ ಪ್ರಾಂತ್ಯದಲ್ಲಿತ್ತು, ಆ ಕಾಲದ ಕಾಗದಗಳೂ ಇದ್ದವು. ಎಲ್ಲದರಲ್ಲೂ ಅಜ್ಜನ ಹೆಸರು, ಅವರ ಅಪ್ಪನ ಹೆಸರು. ಅಮ್ಮನ ಹೆಸರು ಒಂದರಲ್ಲೂ ಇಲ್ಲ. ಸುಲಿದವಳು ಅವಳು, ಬೇಯಿಸಿದವಳು ಅವಳು.

ಹನ್ನೆರಡನೇ ದಿನ ಸಪಿಂಡಿ. ಅಮ್ಮನನ್ನು ಅವಳ ಹಿಂದಿನ ಮೂರು ತಲೆಗೆ ಸೇರಿಸುವ ವಿಧಿ. ಗಂಡಸರಾದರೆ ಅಪ್ಪ, ಅಜ್ಜ, ಮುತ್ತಜ್ಜ. ಮನೆಗೆ ಬಂದ ಹೆಂಗಸಾದರೆ ಅತ್ತೆ, ಅತ್ತೆಯ ಅತ್ತೆ, ಅವಳ ಅತ್ತೆ. ಭಟ್ಟರು ಹೆಸರು ಕೇಳಿದರು. ಮೊದಲನೆಯದನ್ನು ಅಪ್ಪ ತಕ್ಷಣ ಹೇಳಿದ. ಎರಡನೆಯದಕ್ಕೆ ದೊಡ್ಡಪ್ಪನ ಮುಖ ನೋಡಿದ. ಮೂರನೆಯದಕ್ಕೆ ಯಾರೂ ಮಾತಾಡಲಿಲ್ಲ. ಹೆಸರು ಗೊತ್ತಿಲ್ಲದಿದ್ದರೆ ಹೇಗೆ ಹೇಳಬೇಕು ಅಂತ ಭಟ್ಟರೇ ದಾರಿ ತೋರಿಸಿದರು, ಕೆಲಸ ಮುಂದುವರಿಯಿತು. ಅದೇ ಮನೆಯಲ್ಲಿ ಹೆತ್ತು, ಅದೇ ಒಲೆ ಊದಿದ ಹೆಂಗಸಿನ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ. ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಬೇರೆ. ಅಮ್ಮನನ್ನು ಹೆತ್ತವಳ ಹೆಸರನ್ನು ಯಾರೂ ಕೇಳಲೇ ಇಲ್ಲ. ಕೇಳಿದ್ದರೂ ಹೇಳಲು ನಮಗೆ ಬರುತ್ತಿರಲಿಲ್ಲ.

ಆಗ ನನಗೆ ಅಹಮದಾಬಾದಿನ ಪೇಪರ್ ನೆನಪಾಯಿತು. ಆ ಚಿಕ್ಕ ಜಾಹೀರಾತಿನಲ್ಲಿ, ತೀರಿಕೊಂಡವರು ಹೆಂಗಸಾದರೆ, ಎಷ್ಟೋ ಸಲ ಒಂದು ಸಾಲು ಇರುತ್ತದೆ: 'ಪಿಯರ್ ಪಕ್ಷ'. ತವರು ಮನೆಯವರು. ಅವಳು ಯಾರ ಮಗಳು ಎಂದು ಅಚ್ಚಾಗಿರುತ್ತದೆ. ತವರಿನವರ ಬೇಸ್ಣುವೂ ಜೊತೆಗೇ ಇದೆ ಅಂತ ಹಾಕಿರುತ್ತಾರೆ. ಹತ್ತೊಂಬತ್ತು ವರ್ಷ ದಿನಾ ಕಣ್ಣಿಗೆ ಬಿದ್ದ ಆ ಸಾಲಿನ ಬೆಲೆ ನನಗೆ ತಿಳಿದದ್ದು ಆವತ್ತು.

ಮರುದಿನ ವೈಕುಂಠ ಸಮಾರಾಧನೆ. ಊಟದ ಪಂಕ್ತಿ ಏಳುವ ಹೊತ್ತಿಗೆ ಸಿದ್ದಾಪುರದ ಕಡೆಯಿಂದ ಒಂದು ಕಾರು ಬಂತು. ಮೊಮ್ಮಗನ ಕೈ ಹಿಡಿದು ಒಬ್ಬರು ಅಜ್ಜಿ ಇಳಿದರು. ಬೆನ್ನು ಪೂರ್ತಿ ಬಾಗಿತ್ತು. ಜಗುಲಿಯಲ್ಲಿದ್ದ ಫೋಟೋ ಹತ್ತಿರ ಹೋಗಿ ಒಂದು ಹೆಸರು ಹಿಡಿದು ಕರೆದರು. ನಮಗೆ ಅರ್ಥವಾಗಲಿಲ್ಲ. ಮನೆ ತಪ್ಪಿ ಬಂದಿದ್ದಾರೆ ಅಂದುಕೊಂಡೆವು.

ಅದು ಅಮ್ಮನ ತವರಿನ ಹೆಸರು. ಒಂದು ನದಿಯ ಹೆಸರು. ಮದುವೆಯಾಗಿ ಬಂದಾಗ ಈ ಮನೆಯಲ್ಲಿ ದೇವಿಯ ಹೆಸರಿಟ್ಟರು. ಆಗ ಅವಳಿಗೆ ಹದಿನಾಲ್ಕು. ಆಮೇಲೆ ಎಪ್ಪತ್ತೊಂಬತ್ತು ವರ್ಷ ಆ ಹೊಸ ಹೆಸರಿಗೇ ಓಗೊಟ್ಟಳು. ಹೆತ್ತ ಮಕ್ಕಳಿಗೂ ಮೊದಲಿನದು ಗೊತ್ತಿರಲಿಲ್ಲ.

"ಯಂಗ ಇಬ್ರೂ ಒಂದೇ ಪಾಟಿಯಲ್ಲಿ ಬರಿತಿದ್ಯ" ಅಂದರು ಅಜ್ಜಿ. ನಾಲ್ಕನೇ ಇಯತ್ತೆವರೆಗೆ ಇಬ್ಬರೂ ಒಟ್ಟಿಗೆ ಕಲಿತವರು. ಸಿದ್ದಾಪುರ, ಅಂಕೋಲಾ ಕಡೆ 1932ರಲ್ಲಿ ಕರನಿರಾಕರಣೆ ನಡೆದು ಎಷ್ಟೋ ಜನರ ಜಮೀನು ಜಪ್ತಿಯಾಯಿತಲ್ಲ, ಅಮ್ಮನ ತವರಿನ ತೋಟವೂ ಅದರಲ್ಲಿ ಹೋಗಿತ್ತಂತೆ. ಆಗ ಇವಳು ತೊಟ್ಟಿಲ ಕೂಸು. ಅವಳ ತಾಯಿ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ನೆಂಟರ ಕೊಟ್ಟಿಗೆಯಲ್ಲಿ ಮಳೆಗಾಲ ಕಳೆದಳಂತೆ. ಅಮ್ಮ ಇದನ್ನು ನಮಗೆ ಹೇಳಿರಲಿಲ್ಲ. ನಾವು ಕೇಳಿರಲಿಲ್ಲ ಅನ್ನುವುದೇ ಸರಿ. ಪ್ರತಿ ರಜೆಯಲ್ಲೂ ಅವಳ ಕೈಯ ತಂಬುಳಿ, ಅಪ್ಪೆಹುಳಿ, ತೊಡದೇವು ಬೇಕು ಅಂತ ಕೇಳಿದೆ. ನೀನು ಯಾರ ಮಗಳು ಅಂತ ಕೇಳಲಿಲ್ಲ.

ನಮ್ಮ ಹದಿಮೂರು ದಿನ ಬಿಡಬಾರದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಈಗ ಊರಲ್ಲೂ ರಜೆ ಇಲ್ಲ ಅಂತ ಎಷ್ಟೋ ಮನೆಯವರು ಕೊನೆಯ ಎರಡು ದಿನಕ್ಕೆ ಬಂದು ಹೋಗುತ್ತಾರೆ. ಅವರ ಕಷ್ಟ ನನಗೂ ಗೊತ್ತು. ಆದರೆ ಆ ರಾತ್ರಿಗಳು ಹೋದರೆ ಅವಲಕ್ಕಿ ಕಟ್ಟಿ ಕೊಟ್ಟ ಕತೆಯೂ ಹೋಗುತ್ತದೆ. ಅದರ ಜೊತೆಗೆ ಗುಜರಾತಿಗಳ ಆ ಒಂದು ಸಾಲು ನಮಗೆ ಬೇಕು. ಶ್ರದ್ಧಾಂಜಲಿ ಅಂತ ಫ್ಲೆಕ್ಸ್ ಮಾಡಿಸುತ್ತೇವೆ, ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತೇವೆ. ಅದರಲ್ಲಿ ತವರಿನ ಹೆಸರು, ಹೆತ್ತವಳ ಹೆಸರು ಹಾಕುವುದಕ್ಕೆ ಯಾವ ಶಾಸ್ತ್ರ ಅಡ್ಡ ಬರುತ್ತದೆ?

ವಾಪಸು ಬಂದ ದಿನ ಪಕ್ಕದ ಮನೆಯ ಬೆನ್ ಬಿಳಿ ಸೀರೆ ಉಟ್ಟು ಬಂದರು. ಐದು ನಿಮಿಷ ಕೂತರು. "ಬಾ ಅವರ ಪಿಯರ್ ಯಾವ ಊರು?" ಅಂತ ಕೇಳಿದರು. ಹಿರಿಯ ಹೆಂಗಸರಿಗೆ ಇಲ್ಲಿ 'ಬಾ' ಅನ್ನುತ್ತಾರೆ. ಹೇಳಿದೆ. ನದಿಯ ಹೆಸರನ್ನೂ ಹೇಳಿದೆ. ಅವರು ಅದನ್ನು ಎರಡು ಸಲ ಮೆಲ್ಲಗೆ ಹೇಳಿಕೊಂಡರು.

ಈಗ ತಿಂಗಳಿಗೊಮ್ಮೆ ಸಿದ್ದಾಪುರದ ಆ ಅಜ್ಜಿಗೆ ಫೋನ್ ಮಾಡುತ್ತೇನೆ. ಮೊಮ್ಮಗ ಸ್ಪೀಕರ್ ಹಾಕಿ ಪಕ್ಕದಲ್ಲಿಡುತ್ತಾನೆ. ನಾನು ನೋಟ್‌ಬುಕ್ ತೆರೆದುಕೊಂಡು ಕೂರುತ್ತೇನೆ. ಅಮ್ಮನ ಆಯಿಯ ಹೆಸರು ಸಿಕ್ಕಿತು, ಅವಳ ಆಯಿಯ ಹೆಸರೂ ಸಿಕ್ಕಿತು. ದಣಿವಾಯ್ತೇನೋ ಅಂತ ಕಳೆದ ಸಲ ನಾನೇ ಮಾತು ಮುಗಿಸಲು ಹೊರಟೆ. "ಇನ್ನೂ ಇದ್ದು, ಬರ್ಕ ತಮಾ" ಅಂದರು.