ಜನವರಿಯಲ್ಲೇ ಬಿದ್ದ ಭೂಮಿ

ಮೂರನೆಯ ತರಗತಿಯ ಪಾಠದಲ್ಲಿ ಮಹಾ ಏನಿದೆ ಎಂದು ಕೇಳುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಒಬ್ಬ ಹುಡುಗ, ಒಂದು ಪೆನ್ಸಿಲ್, 503ರಿಂದ 268 ಕಳೆಯುವ ಒಂದು ಲೆಕ್ಕ, ಇಷ್ಟನ್ನು ಅವರ ಮುಂದಿಟ್ಟು ಬಾಗಿಲು ಎಳೆದುಕೊಂಡು ಬರುತ್ತೇನೆ. ಒಂದು ಗಂಟೆ ಬಿಟ್ಟು ಬಾಗಿಲು ತೆರೆದರೆ ಹುಡುಗ ಆರಾಮವಾಗಿರುತ್ತಾನೆ.

ನಮ್ಮ ಮನೆಯ ಸಂಜೆಯ ಶಾಲೆಗೆ ವಿದ್ಯಾರ್ಥಿಗಳು ಇಬ್ಬರು. ನನ್ನ ಮಗ ಮೂರನೆಯ ತರಗತಿ, ಅಕ್ಕನ ಮಗಳು ಒಂದನೆಯ ತರಗತಿ. ಅವನು ಪ್ರತಿಯೊಂದಕ್ಕೂ ಕಾರಣ ಕೇಳುವವನು. ಇವಳು ಯಾವ ಕಾರಣವನ್ನೂ ಕೇಳದೆ ತೀರ್ಪು ಕೊಡುವವಳು. ಇವರ ನಡುವೆ ಕುಳಿತು ಪಾಠ ಹೇಳುವ ಯೋಗ ನನಗೆ ಒದಗಿದ್ದು, ಮನೆಯಲ್ಲಿ ಉಳಿದವರೆಲ್ಲ ಅದಕ್ಕಿಂತ ಮುಖ್ಯವಾದ ಕೆಲಸಗಳನ್ನು ನನಗಿಂತ ಮೊದಲೇ ಹುಡುಕಿಕೊಂಡದ್ದರಿಂದ.

ಆ ಕಳೆಯುವ ಲೆಕ್ಕಕ್ಕೆ ಮಗ ಬರೆದ ಉತ್ತರ 365. ಹೇಗೆ ಬಂತು ಎಂದು ಕೇಳಿದೆ. ಎಂಟರಲ್ಲಿ ಮೂರು ಹೋದರೆ ಐದು, ಆರರಲ್ಲಿ ಸೊನ್ನೆ ಹೋದರೆ ಆರು, ಐದರಲ್ಲಿ ಎರಡು ಹೋದರೆ ಮೂರು. ಮೇಲಿನದರಿಂದ ಕೆಳಗಿನದನ್ನು ಕಳೆಯಬೇಕೆಂಬುದು ಅವನಿಗೆ ಗೊತ್ತಿಲ್ಲವೆಂದಲ್ಲ. ಆದರೆ ಚಿಕ್ಕದರಿಂದ ದೊಡ್ಡದನ್ನು ಕಳೆಯಲು ಬರುವುದಿಲ್ಲ ಎಂದು ಹಿಂದಿನ ವರ್ಷ ಹೇಳಿಕೊಟ್ಟಿದ್ದರು. ಎರಡು ನಿಯಮಗಳಿಗೆ ಜಗಳ ಬಂದಾಗ ಅವನು ಹಿರಿಯ ನಿಯಮಕ್ಕೆ ಮರ್ಯಾದೆ ಕೊಟ್ಟಿದ್ದ, ಅಷ್ಟೇ. ಉತ್ತರ ತಪ್ಪು ಎಂದೆ. ಅವನು ಒಪ್ಪಲಿಲ್ಲ. "ವರ್ಷಕ್ಕೆ ಎಷ್ಟು ದಿನವೋ ಸರಿಯಾಗಿ ಅಷ್ಟೇ ಬಂದಿದೆಯಲ್ಲ ಅಪ್ಪ, ತಪ್ಪು ಹೇಗಾಗುತ್ತದೆ?"

ಇಂಥ ಸಾಕ್ಷ್ಯವನ್ನು ತಳ್ಳಿಹಾಕುವುದು ಸುಲಭವಲ್ಲ. ನಮ್ಮ ಮೇಷ್ಟ್ರು ನಮಗೆ ಹೇಳಿದ್ದ ಪಕ್ಕದ ಮನೆಯ ಕಥೆಯನ್ನೇ ಹೊರತೆಗೆದೆ. ಬಿಡಿಯ ಮನೆಯಲ್ಲಿ ಮೂರೇ ಇದೆ, ಎಂಟು ಕೊಡಬೇಕಾಗಿದೆ. ಆದ್ದರಿಂದ ಪಕ್ಕದ ಹತ್ತರ ಮನೆಗೆ ಹೋಗಿ ಸಾಲ ಕೇಳುತ್ತದೆ.

"ಅಲ್ಲಿ ಸೊನ್ನೆ ಇದೆ."

"ಅದಕ್ಕೇ ಹತ್ತರ ಮನೆಯವರು ಆಚೆಯ ನೂರರ ಮನೆಗೆ ಹೋಗಿ ಒಂದು ತರುತ್ತಾರೆ."

"ತಮ್ಮ ಹತ್ತಿರ ಇಲ್ಲದಿದ್ದರೆ ಇಲ್ಲ ಎನ್ನಬೇಕು. ಸಾಲ ತಂದು ಸಾಲ ಕೊಡುತ್ತಾರಾ?"

ಕೊಡುತ್ತಾರೆ, ಅದನ್ನೇ ಬ್ಯಾಂಕು ಎನ್ನುತ್ತಾರೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ನೂರರ ಮನೆ ಕೊಟ್ಟ ಒಂದು, ಹತ್ತರ ಮನೆಗೆ ಬರುವಾಗ ಹತ್ತಾಗುತ್ತದೆ ಎಂದು ಮುಂದುವರಿಸಿದೆ.

"ವಾಪಸ್ ಕೊಡುವಾಗ ಒಂದು ಕೊಡಬೇಕೋ, ಹತ್ತು ಕೊಡಬೇಕೋ?"

ವಾಪಸ್ ಕೊಡುವುದೇ ಇಲ್ಲ! ಕಥೆ ಕುಸಿಯುವುದು ಇಲ್ಲಿಯೇ. ತಲೆತಲಾಂತರದಿಂದ ನಾವು ಗಣಿತದ ಹೆಸರಿನಲ್ಲಿ ಎಳೆಯ ಮಕ್ಕಳಿಗೆ ಹೇಳಿಕೊಡುತ್ತ ಬಂದಿರುವುದು ತೀರಿಸದ ಸಾಲದ ಕಥೆ. ಮಗ ನೂರರ ಮನೆಯವರ ಪರವಾಗಿ ತುಂಬ ನೊಂದುಕೊಂಡ. ಕಡೆಗೆ ಪೊರಕೆಯಿಂದ ಕಡ್ಡಿ ಕಿತ್ತು, ತುಂಡು ಮಾಡಿ, ಹತ್ತು ಹತ್ತರ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ, ಅಂಥ ಹತ್ತು ಕಟ್ಟನ್ನು ಸೇರಿಸಿ ನೂರರ ಒಂದು ದೊಡ್ಡ ಕಟ್ಟು ಮಾಡಿದೆವು. 503 ಕಡ್ಡಿ ಯಾವ ಪೊರಕೆ ಕೊಟ್ಟೀತು? ಉಳಿದ ನಾಲ್ಕು ದೊಡ್ಡ ಕಟ್ಟುಗಳನ್ನು ಇವೆಯೆಂದು ತಿಳಿದುಕೋ ಎಂದೆ. ದೊಡ್ಡ ಕಟ್ಟು ಬಿಚ್ಚಿದರೆ ಹತ್ತರ ಹತ್ತು ಕಟ್ಟು. ಅದರಲ್ಲಿ ಒಂದನ್ನು ಬಿಚ್ಚಿದರೆ ಹತ್ತು ಬಿಡಿ ಕಡ್ಡಿ. ಬಿಡಿಯಲ್ಲಿ ಈಗ ಹದಿಮೂರು, ಹತ್ತರಲ್ಲಿ ಒಂಬತ್ತು, ನೂರರಲ್ಲಿ ನಾಲ್ಕು. ಉತ್ತರ 235. ಯಾರೂ ಯಾರಿಗೂ ಸಾಲ ಕೊಟ್ಟಿಲ್ಲ, ಕಟ್ಟು ಬಿಚ್ಚಿದ್ದು ಮಾತ್ರ. "ಇಷ್ಟೇ ಆಗಿದ್ದರೆ ಆ ಪಕ್ಕದ ಮನೆಯವರನ್ನೆಲ್ಲ ಏಕೆ ಕರೆದೆ?" ಎಂದ ಮಗ. ಪೊರಕೆ ಏಕೆ ಹೀಗೆ ಬಡವಾಗಿದೆ ಎಂದು ಮರುದಿನ ಬೆಳಗ್ಗೆ ಹೆಂಡತಿ ಕೇಳಿದಾಗ ಅವನೇ ವಿವರಿಸಿದ, ಬಿಡಿ ಹತ್ತು ನೂರು ಎಲ್ಲ ಸೇರಿಸಿ.

ಮಕ್ಕಳ ತಪ್ಪು ಉತ್ತರದ ಹಿಂದೆ ಇರುವಷ್ಟು ವಿಚಾರ ನಮ್ಮ ಸರಿ ಉತ್ತರದ ಹಿಂದೆ ಇರುವುದಿಲ್ಲ ಎಂಬುದು ನನ್ನ ಗುಮಾನಿ. ನಮಗೆ ಉತ್ತರ ಗೊತ್ತು, ಏಕೆಂದರೆ ಯಾರೋ ಹೇಳಿದ್ದರು. 8 + 4 = __ + 5 ಎಂಬ ಬಿಟ್ಟ ಸ್ಥಳವನ್ನೇ ನೋಡಿ. ಮಗ ಹಿಂದೆಮುಂದೆ ನೋಡದೆ 12 ಎಂದು ತುಂಬಿದ. ಅವನೊಬ್ಬನೇ ಅಲ್ಲ, ಈ ವಯಸ್ಸಿನ ಎಷ್ಟೋ ಮಕ್ಕಳು 12 ಎನ್ನುತ್ತಾರೆ. ಇನ್ನೂ ಶ್ರಮಜೀವಿಗಳು ಕಂಡದ್ದನ್ನೆಲ್ಲ ಕೂಡಿ 17 ಎನ್ನುತ್ತಾರೆ. ಅಲ್ಲಿಯವರೆಗೆ ಅವರು ಮಾಡಿದ ಲೆಕ್ಕಗಳಲ್ಲೆಲ್ಲ ಆ ಎರಡು ಗೆರೆ ಬಂದ ಕೂಡಲೇ ಉತ್ತರ ಬರೆಯಬೇಕಾಗಿತ್ತು, ಈಗಲೂ ಬರೆದಿದ್ದಾರೆ. ಗೆರೆಯ ಎಡಕ್ಕೆ ಎಷ್ಟಿದೆಯೋ ಬಲಕ್ಕೂ ಅಷ್ಟೇ ಇರಬೇಕು, ಆದ್ದರಿಂದ 7 ಎಂದು ತೋರಿಸಿ, ಜೊತೆಗೆ ಸ್ವಲ್ಪ ಇತಿಹಾಸವೂ ಇರಲಿ ಎಂದು ಹೇಳಿದೆ: 1557ರಲ್ಲಿ ರಾಬರ್ಟ್ ರೆಕಾರ್ಡ್ ಎಂಬ ಗಣಿತಜ್ಞ, ಒಂದೇ ಉದ್ದದ ಎರಡು ಸಮಾನಾಂತರ ಗೆರೆಗಳಿಗಿಂತ ಹೆಚ್ಚು ಸಮವಾದದ್ದು ಜಗತ್ತಿನಲ್ಲಿ ಯಾವುದೂ ಇರಲಾರದು ಎಂದು ಈ ಚಿಹ್ನೆಯನ್ನು ಬಳಕೆಗೆ ತಂದ. ಮಗ ಸ್ಕೇಲ್ ತೆಗೆದು ನಾನು ಬರೆದ ಚಿಹ್ನೆಯನ್ನು ಅಳೆದ. "ಅಪ್ಪ, ನಿನ್ನದರಲ್ಲಿ ಮೇಲಿನ ಗೆರೆ ಎರಡು ಮಿಲಿಮೀಟರ್ ಉದ್ದ ಇದೆ. ಇದು ಸಮ ಅಲ್ಲ." ಅಂದಿನ ಸಂಜೆ ಲೆಕ್ಕ ಮುಂದೆ ಸಾಗಲಿಲ್ಲ. ಇಡೀ ಪುಟದ ಸಮ ಚಿಹ್ನೆಗಳನ್ನು ಅಳಿಸಿ ಸ್ಕೇಲ್ ಇಟ್ಟು ಹೊಸದಾಗಿ ಎಳೆದ. ರಬ್ಬರ್ ಅರ್ಧ ಸವೆಯಿತು, ಎರಡು ಕಡೆ ಹಾಳೆಯೂ ಹರಿಯಿತು.

ಒಂದನೆಯ ತರಗತಿಯವಳ ಬಳಿ ಇತಿಹಾಸ ನಡೆಯುವುದಿಲ್ಲ. ಅಗಲವಾದ ಬಟ್ಟಲಿನ ನೀರನ್ನು ಅವಳ ಎದುರಿಗೇ ಉದ್ದನೆಯ ಕಿರಿದಾದ ಲೋಟಕ್ಕೆ ಸುರಿದೆ. "ಈಗ ಜಾಸ್ತಿ ಆಯಿತು." ಅದೇ ನೀರನ್ನು ಬಟ್ಟಲಿಗೆ ಸುರಿದೆ. "ಈಗ ಕಡಿಮೆ ಆಯಿತು." ಹಾಗಾದರೆ ಜಾಸ್ತಿ ಆಗಿದ್ದ ನೀರು ಎಲ್ಲಿ ಹೋಯಿತು ಎಂದು ಗೆದ್ದವನ ಧಾಟಿಯಲ್ಲಿ ಕೇಳಿದೆ. "ನೀನೇ ಅಲ್ಲವೇ ಮಾಮ ಸುರಿದದ್ದು, ನಿನಗೇ ಗೊತ್ತಿರಬೇಕು" ಎಂದಳು. ಏಳರ ಆಸುಪಾಸಿನವರೆಗೆ ಮಕ್ಕಳು ಎತ್ತರವನ್ನು ನೋಡಿಯೇ ಪ್ರಮಾಣವನ್ನು ಹೇಳುತ್ತಾರೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಇಂಥದೇ ಪ್ರಯೋಗದಿಂದ ತೋರಿಸಿದ್ದ. ಶಿಕ್ಷಕರ ತರಬೇತಿಯಲ್ಲಿ ಇದನ್ನು ಓದದೆ ದಾಟಿದವರಿಲ್ಲ. ಮಗು ತಾನೇ ಪರೀಕ್ಷಿಸಲು ಹೊರಟು ಲೋಟವನ್ನು ಮೇಜಿನ ಮೇಲೆ ಬೋರಲು ಹಾಕಿದರೆ ಏನು ಮಾಡಬೇಕೆಂಬುದು ಮಾತ್ರ ಆ ಪಾಠದಲ್ಲಿ ಇಲ್ಲ. ಅಣ್ಣನ ಕಾಪಿ ಪುಸ್ತಕ, ನನ್ನ ಮೊಬೈಲ್, ಅಲ್ಲಿಂದ ನನ್ನ ಮಡಿಲು, ನೀರು ಎಲ್ಲವನ್ನೂ ಕ್ರಮವಾಗಿ ನೋಡಿಕೊಂಡು ಬಂತು. ಅವಳು ಮೇಜನ್ನು ದಿಟ್ಟಿಸಿ ಅಂತಿಮ ತೀರ್ಪು ಕೊಟ್ಟಳು: "ಇದೇ ಎಲ್ಲಕ್ಕಿಂತ ಜಾಸ್ತಿ."

ಮಗ್ಗಿಯ ಖಾತೆ ನನ್ನ ತಾಯಿಯದು. ಏಳೆಂಟಲ ಐವತ್ತಾರು ಎಂದು ಅವರು ಶುರು ಮಾಡಿದರೆ ಮಗನೂ ತಾಳಕ್ಕೆ ಸರಿಯಾಗಿ ಹೇಳುತ್ತಾನೆ. ಆದರೆ ತಟ್ಟನೆ ನಡುವಿನಲ್ಲಿ ಕೇಳಿದರೆ ಏಳೊಂದಲ ಏಳರಿಂದ ಓಡಿಕೊಂಡೇ ಬರಬೇಕು. ಒಂಬತ್ತರ ಮಗ್ಗಿಗೆ ನಾನು ಬೆರಳಿನ ಉಪಾಯ ಹೇಳಿಕೊಟ್ಟೆ: ಒಂಬತ್ತೇಳಲ ಎಷ್ಟು ಎಂದರೆ ಏಳನೆಯ ಬೆರಳು ಮಡಿಸು, ಎಡಕ್ಕೆ ಆರು, ಬಲಕ್ಕೆ ಮೂರು, ಅರವತ್ತಮೂರು. ಬಹಳ ಖುಷಿಯಾಯಿತು. ಸ್ವಲ್ಪ ಹೊತ್ತಿನಲ್ಲಿ ನೋಡಿದರೆ ಕಾಲುಚೀಲ ಬಿಚ್ಚಿಕೊಂಡು ಕುಳಿತಿದ್ದ. ಒಂಬತ್ತು ಹನ್ನೆರಡಲ ಬೇಕಾಗಿತ್ತಂತೆ.

ಆದರೆ ಇವೆಲ್ಲ ಕುಳಿತು ಮಾಡುವ ಪಾಠಗಳು. ಬಿದ್ದದ್ದು ವಿಜ್ಞಾನದಲ್ಲಿ.

ಋತುಗಳು ಏಕೆ ಬದಲಾಗುತ್ತವೆ ಎಂಬ ಪ್ರಶ್ನೆಗೆ ಮಗ, ಭೂಮಿ ಸೂರ್ಯನ ಹತ್ತಿರ ಹೋದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ ಎಂದ. ದೊಡ್ಡವರನ್ನು ಕೇಳಿದರೂ ಹತ್ತರಲ್ಲಿ ಅರ್ಧ ಜನ ಇದನ್ನೇ ಹೇಳಿಯಾರು. ವಾಸ್ತವವೆಂದರೆ ಭೂಮಿ ಸೂರ್ಯನಿಗೆ ತೀರ ಹತ್ತಿರ ಬರುವುದು ಜನವರಿಯ ಆರಂಭದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರಿಗೆ. ತೀರ ದೂರ ಇರುವುದು ಜುಲೈ ಆರಂಭದಲ್ಲಿ, 15.2 ಕೋಟಿ ಕಿಲೋಮೀಟರಿನಲ್ಲಿ. ಋತುಗಳಿಗೆ ಕಾರಣ ದೂರವಲ್ಲ, ಭೂಮಿಯ ಅಕ್ಷ 23.5 ಡಿಗ್ರಿ ವಾಲಿರುವುದು. ಇದನ್ನು ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲವೆಂದು ನಡುಮನೆಯಲ್ಲಿ ಸೌರಮಂಡಲ ಹೂಡಿದೆ.

ಸೂರ್ಯ ಇದ್ದಲ್ಲೇ ಇರುತ್ತಾನೆ ಎಂಬ ಭರವಸೆಯ ಮೇಲೆ ನನ್ನ ತಾಯಿ ಆ ಪಾತ್ರವನ್ನು ಒಪ್ಪಿಕೊಂಡು, ಟಾರ್ಚ್ ಹಿಡಿದು ಕುರ್ಚಿಯಲ್ಲಿ ಕುಳಿತರು. ಮಗ ಭೂಮಿ. ಅವನು ಯಾವಾಗಲೂ ಬೀರುವಿನ ಕಡೆಗೆ ತುಸು ವಾಲಿಕೊಂಡಿರಬೇಕು, ತನ್ನ ಸುತ್ತ ತಾನೇ ತಿರುಗಬೇಕು, ಹಾಗೆ ತಿರುಗುತ್ತಲೇ ಅಜ್ಜಿಯನ್ನು ಸುತ್ತಬೇಕು. ಅಜ್ಜಿಯ ಮುಖ ಕಂಡಾಗಲೆಲ್ಲ ಒಂದು ದಿನ. ಅಕ್ಕನ ಮಗಳು ಚಂದ್ರ. ಚಂದ್ರ ನಮಗೆ ಸದಾ ಒಂದೇ ಮುಖ ತೋರಿಸುತ್ತಾನೆ, ಆದ್ದರಿಂದ ಅವಳು ಅಣ್ಣನ ಕಡೆಗೇ ಮುಖ ಮಾಡಿಕೊಂಡು ಅವನನ್ನು ನಿಧಾನವಾಗಿ ಸುತ್ತಬೇಕು. ನಿಧಾನವಾಗಿ ಎಂಬುದು ಅವಳ ಕಿವಿಗೆ ಬೀಳಲಿಲ್ಲ. ಅಣ್ಣನ ಮುಖವನ್ನು ಬಿಡದೆ ನೋಡಬೇಕು ಎಂದು ತಿಳಿದುಕೊಂಡಳು. ಅವನು ತಿರುಗಿದ ಕಡೆಗೆಲ್ಲ ಇವಳು ಓಡಬೇಕಾಯಿತು.

ಭೂಮಿ ದಿನಗಳನ್ನು ಗಟ್ಟಿಯಾಗಿ ಎಣಿಸುತ್ತ ಹೊರಟಿತು. 365 ಮುಟ್ಟಿಸಿಯೇ ತೀರುತ್ತೇನೆಂಬ ಹಟ. ಜನವರಿಯ ಮೊದಲ ವಾರ ಲಕ್ಷಣವಾಗಿಯೇ ಕಳೆಯಿತು. ಆಮೇಲೆ ವಾಲುವಿಕೆ 23.5 ಡಿಗ್ರಿಯನ್ನು ಮೀರತೊಡಗಿತು. ಕಕ್ಷೆ ಅಜ್ಜಿಯನ್ನು ಬಿಟ್ಟು ಬೀರುವಿನ ಕಡೆಗೆ ಸರಿಯಿತು. ಸಂಕ್ರಮಣ ಇನ್ನೂ ದೂರವಿರುವಾಗಲೇ ಭೂಮಿ ನೆಲಕ್ಕೆ ಉರುಳಿತು, ಹಿಂದೆಯೇ ಓಡಿ ಬರುತ್ತಿದ್ದ ಚಂದ್ರ ಭೂಮಿಯ ಮೇಲೆ ಬಿದ್ದಿತು. ಗಾಬರಿಯಲ್ಲಿ ಸೂರ್ಯನ ಕೈಯಿಂದ ಟಾರ್ಚ್ ಜಾರಿ ಆರಿಹೋಯಿತು. "ಏಟು ಬಿತ್ತೇನೋ ಕಂದ?" ಎಂದು ಸೂರ್ಯ ಕತ್ತಲೆಯಲ್ಲಿ ಕೂಗಿಕೊಂಡಿತು.

ಭೂಮಿ ಮಲಗಿದಲ್ಲಿಂದಲೇ ಕೇಳಿತು: "ಅಪ್ಪ, ನಿಜವಾದ ಭೂಮಿಗೆ ತಲೆ ಸುತ್ತುವುದಿಲ್ಲವೇ?"

ಒಳ್ಳೆಯ ಪ್ರಶ್ನೆ ಎಂದೆ. ಉತ್ತರ ಗೊತ್ತಿಲ್ಲದಾಗ ಪ್ರಶ್ನೆಯನ್ನು ಹೊಗಳುವುದು ಮೇಷ್ಟ್ರುಗಿರಿಯ ಮೊದಲ ಪಾಠ. ಹೀಗೆ ಅಡ್ಡ ಮಲಗಿಕೊಂಡೇ ಸೂರ್ಯನನ್ನು ಸುತ್ತುವ ಗ್ರಹವೂ ಇದೆ, ಯುರೇನಸ್, ಅದರ ವಾಲುವಿಕೆ ಸುಮಾರು 98 ಡಿಗ್ರಿ ಎಂದು ಸಮಾಧಾನ ಹೇಳಿದ್ದೇ ತಪ್ಪಾಯಿತು. ಇನ್ನು ಮುಂದೆ ತಾನು ಅದೇ ಗ್ರಹ ಎಂದು ಘೋಷಿಸಿ ಅವನು ಏಳಲೇ ಇಲ್ಲ. ಒಳಗಿನಿಂದ ಹೆಂಡತಿ, ಒಂಬತ್ತೂ ಗ್ರಹಗಳನ್ನು ಬಾಯಿಪಾಠ ಮಾಡಿಸಿ ಸಾಕು, ಈ ಕುಣಿತವೆಲ್ಲ ಏಕೆ ಎಂದಳು. ಮಗ ಮಲಗಿಯೇ ತಿದ್ದಿದ: "ಎಂಟು, ಅಮ್ಮ. ಪ್ಲೂಟೊವನ್ನು 2006ರಲ್ಲೇ ತೆಗೆದುಹಾಕಿದ್ದಾರೆ." ಅಕ್ಕನ ಮಗಳಿಗೆ ಕಳವಳವಾಯಿತು. ಅದು ಏನು ತಪ್ಪು ಮಾಡಿತ್ತು ಎಂದು ನನ್ನನ್ನು ಕೇಳಿದಳು. ತನ್ನ ಕಕ್ಷೆಯ ಸುತ್ತಮುತ್ತ ಇರುವುದನ್ನೆಲ್ಲ ಅದು ಚೊಕ್ಕ ಮಾಡಿಕೊಂಡಿರಲಿಲ್ಲ, ಅದಕ್ಕೆ ಗ್ರಹಗಳ ಪಟ್ಟಿಯಿಂದ ಬಿಟ್ಟರು ಎಂದೆ. ಇದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಕೊಟ್ಟ ಕಾರಣವೇ ಹೊರತು ನನ್ನ ಸೃಷ್ಟಿಯಲ್ಲ. ಅವಳು ಮರುಮಾತನಾಡದೆ ಎದ್ದು, ವಾರದಿಂದ ಮೂಲೆಯಲ್ಲಿ ಚೆಲ್ಲಿದ್ದ ಬಣ್ಣದ ಪೆನ್ಸಿಲ್ಲುಗಳನ್ನೆಲ್ಲ ಆರಿಸಿ ಡಬ್ಬಿಗೆ ತುಂಬಿದಳು.

ಭಿನ್ನರಾಶಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರಕ್ಕಿಂತ ನಾಲ್ಕು ದೊಡ್ಡದು, ಆದ್ದರಿಂದ ಮೂರನೆಯ ಒಂದಕ್ಕಿಂತ ನಾಲ್ಕನೆಯ ಒಂದು ದೊಡ್ಡದು ಎಂದು ಮಗ ಪಟ್ಟು ಹಿಡಿದ. ಒಂದು ಹಾಳೆ ಕೊಡು, ಹರಿದು ತೋರಿಸುತ್ತೇನೆ ಎಂದೆ. ಎಂದೂ ಇಲ್ಲದ ವಿನಯದಿಂದ ತಾನೇ ಒಂದನ್ನು ತಂದುಕೊಟ್ಟ. ಮೂರು ಪಾಲು ಮಾಡಿ, ಇನ್ನೊಂದು ಕೇಳಿ, ಅದನ್ನು ನಾಲ್ಕು ಪಾಲು ಮಾಡಿ ಪಕ್ಕಪಕ್ಕ ಇಟ್ಟೆ. ತಕ್ಷಣ ಒಪ್ಪಿಕೊಂಡ. ಇಷ್ಟು ಬೇಗ ಅವನು ಯಾವುದನ್ನೂ ಒಪ್ಪಿದವನಲ್ಲ. ಮರುದಿನ ತುಂಬಿಕೊಂಡು ಹೋಗಬೇಕಾಗಿದ್ದ ಮನೆಗೆಲಸದ ಹಾಳೆಗಳು ಅವೇ ಎಂದು ರಾತ್ರಿ ಅಂಟು ಹುಡುಕುವಾಗ ತಿಳಿಯಿತು.

ಈಗೀಗ ಪಾಠ ಮುಗಿದ ಮೇಲೆ ಅಕ್ಕನ ಮಗಳು ಟೀಚರ್ ಆಗುತ್ತಾಳೆ. ನಾನು ನೆಲದ ಮೇಲೆ ಕುಳಿತು ಕಿರುಪರೀಕ್ಷೆ ಬರೆಯಬೇಕು. ಕಳೆದ ಸಲ ಒಂದು ಗ್ರಹದ ಹೆಸರು ಬರೆಯಿರಿ ಎಂದು ಕೇಳಿದ್ದಳು. ಶನಿ ಎಂದು ಬರೆದೆ, ಕೆಂಪು ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಬಿತ್ತು. ಭೂಮಿ ಎಂದು ಬರೆಯಬೇಕಿತ್ತಂತೆ; ಪಾಠದಲ್ಲಿ ಮಾಡಿದ್ದು ಅದನ್ನೇ. ಹತ್ತರಿಂದ ಎರಡು ಕಳೆದರೆ ಎಷ್ಟು ಎಂಬುದಕ್ಕೆ ಎಂಟು ಎಂದು ಬರೆದದ್ದು ಸರಿಯಾಗಿತ್ತು, ಆದರೆ ಮಾರ್ಜಿನ್ ಹಾಕಿಲ್ಲ ಎಂದು ಅದಕ್ಕೂ ಅಂಕ ಕೊಡಲಿಲ್ಲ. ತಕರಾರು ಮಾಡಿದ್ದಕ್ಕೆ ಪೋಷಕರ ಸಹಿ ಹಾಕಿಸಿಕೊಂಡು ಬರುವಂತೆ ಹೇಳಿ ಕಳುಹಿಸಿದಳು. ನನ್ನ ತಾಯಿ ಕನ್ನಡಕ ಏರಿಸಿಕೊಂಡು ಆ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. "ಇವನು ಮೊದಲಿನಿಂದಲೂ ಮಾರ್ಜಿನ್ ಹಾಕುವುದಿಲ್ಲ ಟೀಚರ್" ಎಂದು ದೂರು ಹೇಳಿ, ಸಹಿ ಹಾಕಿದರು.