ಹಳೆಯ ಬ್ಯಾಂಕ್ ಕಟ್ಟಡ ಕಟ್ಟಿದ್ದು ಯಾರು?

ದಪ್ಪ ಕಲ್ಲಿನ ಕಂಬಗಳಿರುವ ಹಳೆಯ ಬ್ಯಾಂಕಿನ ಫೋಟೋ. ಕುದುರೆಗಾಡಿ ಕಾಲದವರಿಗೆ ಇದು ಸಾಧ್ಯವಿರಲಿಲ್ಲ, ಯಾವುದೋ ಅಳಿದುಹೋದ ನಾಗರಿಕತೆ ಕಟ್ಟಿದ್ದು ಎಂಬ ಬರಹ. ಈ ಫಾರ್ವರ್ಡ್ ಮತ್ತೆ ಮತ್ತೆ ಬರುತ್ತದೆ. ಅದು ನಿಜವಲ್ಲ.

ಅಮೆರಿಕದ ಫಿಲಡೆಲ್ಫಿಯಾ ನಗರದ ಸೆಕೆಂಡ್ ಬ್ಯಾಂಕ್ ಆಫ್ ದಿ ಯುನೈಟೆಡ್ ಸ್ಟೇಟ್ಸ್ ಕಟ್ಟಡವನ್ನೇ ನೋಡಿ. ವಿಲಿಯಂ ಸ್ಟ್ರಿಕ್‌ಲ್ಯಾಂಡ್ ಅದರ ವಾಸ್ತುಶಿಲ್ಪಿ. ಕೆಲಸ 1819ರಲ್ಲಿ ಶುರುವಾಗಿ 1824ರಲ್ಲಿ ಮುಗಿಯಿತು. ಗ್ರೀಸಿನ ಅಥೆನ್ಸಿನಲ್ಲಿರುವ ಪ್ರಾಚೀನ ಪಾರ್ಥೆನಾನ್ ದೇಗುಲವನ್ನು ಬೇಕೆಂದೇ ಮಾದರಿಯಾಗಿ ಇಟ್ಟುಕೊಂಡಿದ್ದರು. ಬ್ಯಾಂಕಿಗೆ ದೇಗುಲದ ರೂಪ ಯಾಕೆ? ಆಗ ಅಲ್ಲಿ ಠೇವಣಿಗೆ ಈಗಿನಂತೆ ಕೇಂದ್ರ ಸರ್ಕಾರದ ವಿಮೆ ಇರಲಿಲ್ಲ, ಅದು ಬಂದದ್ದು 1933ರ ಕಾನೂನಿನಿಂದ. ಬ್ಯಾಂಕ್ ಮುಳುಗಿದರೆ ಜನರ ದುಡ್ಡೂ ಮುಳುಗುತ್ತಿತ್ತು. ಹಾಗಾಗಿ ಕಟ್ಟಡ ನೋಡಿದ ಕೂಡಲೇ ಗಟ್ಟಿ ಅನ್ನಿಸಬೇಕಿತ್ತು. ಒಂಥರಾ ಕಲ್ಲಿನ ಜಾಹೀರಾತು, ಅಲ್ವಾ?

ನೆಲದಲ್ಲಿ ಅರ್ಧ ಹೂತಂತಿರುವ ಕಿಟಕಿಗಳನ್ನೂ ಸಾಕ್ಷಿಯಾಗಿ ತೋರಿಸುತ್ತಾರೆ. ಅವು ನೆಲಮಾಳಿಗೆಗೆ ಬೆಳಕು, ಗಾಳಿ ಬರಲೆಂದು ಇಟ್ಟವು. ಹಳೆಯ ಫೋಟೋಗಳಲ್ಲಿ ಬೀದಿ ಖಾಲಿ ಕಾಣುವುದನ್ನೂ ಸಾಕ್ಷಿ ಅನ್ನುತ್ತಾರೆ, ಇದು ನನಗೆ ಇನ್ನೂ ಹೆಚ್ಚು ಸ್ವಾರಸ್ಯದ ವಿಷಯ. ಆರಂಭದ ಕ್ಯಾಮೆರಾಗಳಲ್ಲಿ ಒಂದು ಚಿತ್ರ ಮೂಡಲು ತುಂಬ ಹೊತ್ತು ಬೇಕಿತ್ತು. ಅಷ್ಟರಲ್ಲಿ ಓಡಾಡುವ ಜನ, ಗಾಡಿ ಮಸುಕಾಗಿ ಮಾಯವಾಗುತ್ತಿದ್ದವು. ಅಲುಗದ ಕಟ್ಟಡ ಮಾತ್ರ ಉಳಿಯುತ್ತಿತ್ತು.

ಸಂದೇಶದಲ್ಲಿ ಸಾಮಾನ್ಯವಾಗಿ ಕಟ್ಟಡದ ಹೆಸರೇ ಇರುವುದಿಲ್ಲ. ಫೋಟೋವನ್ನು ಗೂಗಲ್ ಲೆನ್ಸ್‌ಗೆ (ಚಿತ್ರದಿಂದಲೇ ಹುಡುಕುವ ಸೌಲಭ್ಯ) ಹಾಕಿ, ಮೊದಲು ಹೆಸರು, ಊರು ಪತ್ತೆ ಮಾಡಿ. ಆಮೇಲೆ ವಾಸ್ತುಶಿಲ್ಪಿ ಯಾರೆಂದು ಹುಡುಕಿ. ನಕ್ಷೆ, ಆ ಕಾಲದ ಪತ್ರಿಕೆ ಸುದ್ದಿ ಎಷ್ಟೋ ಸಲ ಆನ್‌ಲೈನ್‌ನಲ್ಲೇ ಸಿಗುತ್ತವೆ. ಲಂಡನ್ನಿನ ಬ್ಯಾಂಕ್ ಆಫ್ ಇಂಗ್ಲೆಂಡ್‌ಗೆ ವಾಸ್ತುಶಿಲ್ಪಿ ಜಾನ್ ಸೋನ್ ಮಾಡಿದ ನಕ್ಷೆಗಳು ಇವತ್ತಿಗೂ ಅವರದೇ ಹೆಸರಿನ ಮ್ಯೂಸಿಯಂನಲ್ಲಿವೆ.